ಪೈಲ್ವಾನ್ ಗಾಡಿಯ ಅಗಲ

ಮೂರನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ಸವರುತ್ತಿದ್ದೆ. ಅಂಗಳದಿಂದ ಗಾಡಿಯ ದನಿ ಕೇಳಿಸಿತು.

"ಹದಿನೇಳು ಕಿಲೊ ಎಂಟುನೂರ ಇಪ್ಪತ್ತು ಗ್ರಾಂ. ಆಸನದಲ್ಲಿ ದೊಡ್ಡವರಿಲ್ಲ. ಗಾಡಿ ಹೊರಡುವುದಿಲ್ಲ."

ರೊಟ್ಟಿ ಬಿಟ್ಟು ಓಡಿದೆ. ನನ್ನ ಮಗಳು ಚೆನ್ನಿ ಗಾಡಿಯೊಳಗೆ ಒಬ್ಬಳೇ ಕೂತಿದ್ದಳು. ಒಂದು ಜಡೆ ಹಾಕಿಯಾಗಿತ್ತು, ಇನ್ನೊಂದು ಬಿಚ್ಚಿಕೊಂಡೇ ಇತ್ತು. ಕಾಲುಗಳು ನೆಲಕ್ಕೆ ಎಟುಕದೆ ಜೋತಾಡುತ್ತಿದ್ದವು.

"ಏನ್ ಮಾಡಾಕತ್ತೀಯವ್ವ ಅಲ್ಲಿ?"

"ಸುಮ್ನ ಕುಂತೀನಿ."

"ಸುಮ್ನ ಕುಂತ್ರ ಅದ್ಯಾಕ ಒದರತೈತಿ?"

"ಅದಕ್ಕ ಒದರೂದೊಂದ ಬರತೈತಿ, ಏನ್ ಮಾಡೂದು," ಎಂದು ಅಜ್ಜಿಯ ಹಾಗೆ ಕೈ ತಿರುವಿದಳು. ನಾನು ನಕ್ಕೆ. ಒಳಗೆ ರೊಟ್ಟಿ ಸೀದ ವಾಸನೆ ಬಂತು.

ಸೀದದ್ದನ್ನು ನಾನೇ ತಿಂದೆ. ತಿನ್ನುವಾಗ ಆ ಅಂಕೆ ತಲೆಯಲ್ಲಿ ತಿರುಗುತ್ತಿತ್ತು. ಹದಿನೆಂಟಕ್ಕೆ ಇನ್ನು ನೂರ ಎಂಬತ್ತು ಗ್ರಾಂ. ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು, ಅಷ್ಟೇ.

ಖಾಲಿ ಸೀಟು ಕಾಯ್ದೆ ಬಂದದ್ದು ನಾನು ಹುಟ್ಟುವ ಮೊದಲು. ವಿದ್ಯುತ್ತು ಸಾಲದೆ ಊರೂರಿಗೆ ದಿನ ಬಿಟ್ಟು ದಿನ ಕತ್ತಲೆಯಾಗುತ್ತಿದ್ದ ಕಾಲವಂತೆ ಅದು. ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಕೂತವರನ್ನು ಎಣಿಸಿ ನೋಡಿದರು. ಐದು ಜನ ಕೂರುವ ಕಾರಿನಲ್ಲಿ ಬಹುಪಾಲು ಒಬ್ಬನೇ ಇದ್ದ. ಗಾಡಿ ಎಷ್ಟು ಅಗಲವೋ ಅಷ್ಟು ಗಾಳಿಯನ್ನು ಸೀಳಬೇಕು, ಅಷ್ಟು ಶಕ್ತಿ ಸುಡಬೇಕು. ಆ ನಾಲ್ಕು ಖಾಲಿ ಸೀಟುಗಳನ್ನು ಊರೆಲ್ಲ ಹೊತ್ತು ತಿರುಗುವುದು ಯಾತಕ್ಕೆ ಎಂದು ಕೇಳಿದರು. ಮಧ್ಯಾಹ್ನ ಖಾಲಿ ಓಡುತ್ತವೆಂದು ಬಸ್ಸುಗಳೂ ಹೋದವು. ಒಬ್ಬರಿಗೆ ಒಂದರಂತೆ ಗೂಡು ಎಂಬ ಗಾಡಿ ಬಂತು. ತೊಂಬತ್ತೈದು ಸೆಂಟಿಮೀಟರ್ ಅಗಲ, ಮುಳಗಾಯಿಯಂಥ, ಅಂದರೆ ಬದನೆಕಾಯಿಯಂಥ ಆಕಾರ, ತಾನೇ ಓಡುತ್ತದೆ. ಎದುರಿಗೆ ಬಂದರೆ ಮುಂದು ಯಾವುದು ಹಿಂದು ಯಾವುದು ತಿಳಿಯುವುದಿಲ್ಲ.

ಜನ ಹೊಂದಿಕೊಂಡರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿಬ್ಬಣ ಹೊರಟರೆ ಅರವತ್ತು ಗೂಡುಗಳು ಇರುವೆಸಾಲಿನಂತೆ ಹೋಗುತ್ತವೆ. ಮದುಮಗಳು ಒಂದರಲ್ಲಿ, ಮದುಮಗ ಇನ್ನೊಂದರಲ್ಲಿ. ನನ್ನ ಗಂಡ ವಿರೂಪಾಕ್ಷ ಕಾರವಾರದ ಕಡಲಿನ ಗಾಳಿಯಂತ್ರಗಳಲ್ಲಿ ಕೆಲಸಕ್ಕಿದ್ದಾನೆ. ನಲವತ್ತು ದಿನಕ್ಕೊಮ್ಮೆ ಮನೆಗೆ ಬಂದಾಗ ಇಬ್ಬರೂ ಎಲ್ಲಿಗಾದರೂ ಹೋಗುತ್ತೇವೆ, ಒಬ್ಬರ ಹಿಂದೆ ಒಬ್ಬರು, ಮೈಕಿನಲ್ಲಿ ಮಾತಾಡುತ್ತ. ಮಾತು ಮುಗಿದರೆ ಮೈಕು ಬರೀ ಸೊಂಯ್ ಎನ್ನುತ್ತದೆ. ಪಕ್ಕದಲ್ಲಿ ಕೂತು ಸುಮ್ಮನಿರುವುದು ಮೈಕಿನಲ್ಲಿ ಆಗುವುದಿಲ್ಲ.

ಕಾಯ್ದೆಯಲ್ಲಿ ಒಂದೇ ಒಂದು ಸಡಿಲಿಕೆ ಇದೆ. ಹದಿನೆಂಟು ಕಿಲೊದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಗೂಡಿನ ಬೆಲ್ಟು ಅಷ್ಟು ಭಾರಕ್ಕೆ ಮಾತ್ರ ಪರೀಕ್ಷೆಯಾಗಿದೆ. ನಾನು ಕೂತ ಮೇಲೆ ಚೆನ್ನಿ ಹತ್ತುತ್ತಾಳೆ, ಏರಿದ ಭಾರವನ್ನು ಗಾಡಿ ತೂಗುತ್ತದೆ. ಒಂದು ಸಲ ಹದಿನೆಂಟು ದಾಟಿದರೆ ಮರುದಿನವೇ ಅವಳ ಹೆಸರಿನ ಚಿಕ್ಕಗೂಡು ಬಾಗಿಲಿಗೆ ಬಂದು ನಿಲ್ಲುತ್ತದೆ. ಅವಳ ಓರಗೆಯ ಮಕ್ಕಳೆಲ್ಲ ಅದರಲ್ಲೇ ಶಾಲೆಗೆ ಬರುತ್ತಾರೆ. ಯಾರಿಗೂ ಏನೂ ಆಗಿಲ್ಲ.

ಮನೆಯಿಂದ ಶಾಲೆಗೆ ಇಪ್ಪತ್ತೆರಡು ನಿಮಿಷ. ಅವಳ ನೆತ್ತಿ ನನ್ನ ಗದ್ದದ ಕೆಳಗೆ ಬರುತ್ತದೆ. ದಿನವೆಲ್ಲ ಅಡುಗೆ, ಕೆಲಸ, ಅಭ್ಯಾಸ, ಸ್ನಾನ ಎಂದು ನಾನು ಅವಳನ್ನು ಅಟ್ಟಿಸಿಕೊಂಡೇ ಇರುತ್ತೇನೆ. ಆ ಇಪ್ಪತ್ತೆರಡು ನಿಮಿಷ ಮಾತ್ರ ಇಬ್ಬರಿಗೂ ಎಲ್ಲಿಗೂ ಓಡಲು ಬರುವುದಿಲ್ಲ. ಅವಳು ಇಳಿದು ಹೋದ ಮೇಲೆ ತೊಡೆಯ ಮೇಲೆ ಅವಳ ಶಾಖ ಸ್ವಲ್ಪ ಹೊತ್ತು ಉಳಿಯುತ್ತದೆ. ಕೆಲಸದ ಜಾಗ ಮುಟ್ಟುವುದರೊಳಗೆ ಆರುತ್ತದೆ.

ನನ್ನ ಕೆಲಸ ಮಣ್ಣಿನದು. ಹೊಸ ಗೂಡು ಮಾಡುವ ಮೊದಲು ಅದರ ಪೂರ್ತಿ ಅಳತೆಯ ಮಾದರಿಯನ್ನು ಜೇಡಿಯಂಥ ಮಣ್ಣಿನಲ್ಲಿ ಮಾಡಬೇಕು. ಮಣ್ಣನ್ನು ಒಲೆಯಲ್ಲಿ ಬೆಚ್ಚಗೆ ಮಾಡಿ, ಮೆತ್ತಿ, ಉಕ್ಕಿನ ಪಟ್ಟಿಯಿಂದ ಕೆರೆಯುತ್ತ ಹೋಗುತ್ತೇವೆ. ಯಂತ್ರಗಳೂ ಕೆರೆಯುತ್ತವೆ, ಆದರೆ ಕೊನೆಯ ಒಂದು ಕೂದಲೆಳೆಯಷ್ಟು ಏರಿಳಿತವನ್ನು ಅಂಗೈ ಸವರಿಯೇ ತಿಳಿಯಬೇಕು. ನಮ್ಮ ಹಿರಿಯರಿಂದ ಬಂದ ಇನ್ನೊಂದು ರೂಢಿ ಇದೆ. ನಾವು ಗಾಡಿಯ ಅರ್ಧವನ್ನು ಮಾತ್ರ ಮಾಡುತ್ತೇವೆ. ಕೆಲಸ ಮುಗಿದು ಮೇಲೆ ಹೊಳೆಯುವ ಹಾಳೆ ಹೊದಿಸಿದ ಮೇಲೆ, ಕಡಿದ ಮಗ್ಗುಲಿಗೆ ಆಳೆತ್ತರದ ಕನ್ನಡಿ ತಂದು ನಿಲ್ಲಿಸುತ್ತೇವೆ. ಆಗ ಇಡೀ ಗಾಡಿ ಕಾಣುತ್ತದೆ. ಮಣ್ಣೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ.

ಆ ವರ್ಷ ನಮ್ಮ ಕಂಪನಿಗೆ ಒಂದು ಚಿಂತೆ ಹತ್ತಿತ್ತು. ಜನ ಗೂಡಿನಲ್ಲಿ ಕೂರುತ್ತಾರೆ, ಇಳಿಯುತ್ತಾರೆ, ತಿರುಗಿ ನೋಡುವುದಿಲ್ಲ. ಯಾರೂ ಅದನ್ನು ತೊಳೆಯುವುದಿಲ್ಲ. ಖಂಡೇನವಮಿಗೆ ಹಾರೆ ಗುದ್ದಲಿಗೆ ಕುಂಕುಮ ಹಚ್ಚುವವರು ಗೂಡಿಗೆ ಒಂದು ಹೂವು ಸಿಕ್ಕಿಸುವುದಿಲ್ಲ. ನಮ್ಮ ವಿಭಾಗದ ಮುಖ್ಯಸ್ಥ ದೇಸಾಯರು ನೂರು ವರ್ಷಕ್ಕೂ ಹಳೆಯ ಅಮೆರಿಕದ ಕಾರುಗಳ ಚಿತ್ರಗಳನ್ನು ಗೋಡೆಯ ತುಂಬ ಅಂಟಿಸಿದರು. ಉದ್ದ ಮೂಗು, ಮೂಗಿನ ಮೇಲೊಂದು ಉಬ್ಬು, ಹಿಂದಿನ ಗಾಲಿಯ ಮೇಲೆ ತುಂಬಿದ ಪಕ್ಕೆ, ಹಿಂದಕ್ಕೆ ಜಾರುವ ಚಾವಣಿ, ನೆತ್ತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟೆ.

"ಮಸಲ್ ಕಾರು ಅಂತಿದ್ರು ಇವಕ್ಕ," ಎಂದರು ದೇಸಾಯರು. "ಇದರೊಳಗ ಯಾವುದು ವಾಪಸ್ ಬರಬಹುದು, ಯಾವುದು ಬರೂದಿಲ್ಲ, ನೋಡಬೇಕಾಗೇದ."

ಮಾದರಿಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿಸುರಂಗವನ್ನು ನೋಡಿಕೊಳ್ಳುವ ಮುಸ್ತಾಕಣ್ಣ ಕನ್ನಡಕ ಏರಿಸಿ ನೋಡಿದ. ಆತನಿಗೆ ನಿವೃತ್ತಿಗೆ ಎರಡು ವರ್ಷವಿತ್ತು, ಯಾರ ಅಂಜಿಕೆಯೂ ಇರಲಿಲ್ಲ. "ಏ, ಇದು ಪೈಲ್ವಾನ್ ಗಾಡಿ ನೋಡ್ರಿ! ಎದಿ ನೋಡು, ತೊಡಿ ನೋಡು. ನಮ್ಮ ಮುಳಗಾಯಿ ಇದರ ಬಾಜೂ ನಿಂತ್ರ ಎಣ್ಣೆಗಾಯಿ ಆಗತೈತಿ."

ಚಿತ್ರಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಅವುಗಳ ಒಂದೊಂದು ಆಕಾರಕ್ಕೂ ಕಾರಣವಿತ್ತು. ಮೂಗು ಉದ್ದ, ಏಕೆಂದರೆ ಒಳಗೆ ದೊಡ್ಡ ಇಂಜಿನ್. ಉಬ್ಬು, ಏಕೆಂದರೆ ಆ ಇಂಜಿನ್ನಿಗೆ ಉಸಿರು ಬೇಕು. ಪಕ್ಕೆ ತುಂಬಿದ್ದು ಅಗಲ ಗಾಲಿಗೆ. ಪಟ್ಟೆ ಬಳಿದದ್ದು ಪಂದ್ಯದಲ್ಲಿ ದೂರದಿಂದ ಗುರುತು ಹತ್ತಲಿ ಎಂದು. ಈಗ ಇಂಜಿನ್ನೇ ಇಲ್ಲ. ಕಾರಣ ಹೋದ ಮೇಲೆ ಆಕಾರವೊಂದೇ ತಿರುಗಿ ಬಂದರೆ ಅದಕ್ಕೆ ಏನೆನ್ನಬೇಕು?

ನಕ್ಷೆ ಬಂತು. ಉದ್ದ ನಿಮಗೆ ಬಿಟ್ಟದ್ದು, ಅಗಲ ಮಾತ್ರ ತೊಂಬತ್ತೈದು ಎಂದಿತ್ತು. ಮೂರು ವಾರ ಮಣ್ಣು ಮೆತ್ತಿದೆ.

ಆ ಮೂರು ವಾರ ನನ್ನ ಮನಸ್ಸು ಕೆಲಸದಲ್ಲಿರಲಿಲ್ಲ. ಬೆಳಿಗ್ಗೆ ಚೆನ್ನಿ ತೊಡೆಗೆ ಹತ್ತಿದಾಗ ಗಾಡಿ ಹೇಳುವ ಅಂಕೆಗೆ ಕಿವಿಗೊಟ್ಟಿರುತ್ತಿದ್ದೆ. ಎಂಟುನೂರ ಅರವತ್ತು. ಎಂಟುನೂರ ನಲವತ್ತು. ಕಡಿಮೆಯಾದ ದಿನ ಎದೆ ಹಗುರಾಗುತ್ತಿತ್ತು. ಹೀಗೆ ಹಗುರಾಗುವುದು ಸರಿಯಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕೆಲಸ ಮಾಡಿದೆ, ಅದನ್ನು ಈಗಲೂ ಹೇಳಲು ನಾಲಿಗೆ ಏಳುವುದಿಲ್ಲ. ಅವಳ ರೊಟ್ಟಿಯನ್ನು ತೆಳುವಾಗಿ ಬಡಿಯತೊಡಗಿದೆ. ಬೆಣ್ಣೆ ಹಾಕುವಾಗ ಚಮಚದ ಅಂಚಿಗೆ ತಾಗಿದಷ್ಟೇ ಹಾಕಿದೆ. ಅವಳು ಇನ್ನೊಂದು ಕೇಳಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಕೇಳಲಿಲ್ಲ.

ಹಾಳೆ ಹೊದಿಸಿದ ದಿನ ಮುಸ್ತಾಕಣ್ಣನೂ ನಾನೂ ಸೇರಿ ಕನ್ನಡಿ ತಳ್ಳಿಕೊಂಡು ಬಂದೆವು. ಮಾದರಿಯ ಮಗ್ಗುಲಿಗೆ ನಿಲ್ಲಿಸಿ ಹಿಂದೆ ಸರಿದೆವು.

ಎದುರಿಗಿದ್ದದ್ದು ಗೂಡಲ್ಲ. ಎರಡು ಗೂಡಿನ ಅಗಲದ, ನೆಲಕ್ಕೆ ಎದೆ ಆನಿಸಿ ಕೂತ ಒಂದು ದೊಡ್ಡ ಗಾಡಿ. ಗೋಡೆಯ ಮೇಲಿನ ಚಿತ್ರ ಕೆಳಗಿಳಿದು ಬಂದ ಹಾಗಿತ್ತು.

"ತಂಗೀ ನೀಲಾ," ಎಂದ ಮುಸ್ತಾಕಣ್ಣ ಮೆಲ್ಲಗೆ, "ಅಗಲ ಎಷ್ಟ ಹಿಡದಿ?"

"ತೊಂಬತ್ತೈದು."

"ಅರ್ಧಕ್ಕೋ, ಪೂರ್ತಿಗೋ?"

ನಕ್ಷೆಯನ್ನು ಬಿಚ್ಚಿ ಮತ್ತೆ ನೋಡಿದೆ. ನಮ್ಮ ಮಣ್ಣಿನ ಮನೆಗೆ ಬರುವ ನಕ್ಷೆಗಳಲ್ಲಿ ಯಾವಾಗಲೂ ಅರ್ಧದ ಅಳತೆಯೇ ಇರುತ್ತದೆ, ನಡುಗೆರೆಯಿಂದ ಅಂಚಿನವರೆಗೆ. ಈ ನಕ್ಷೆ ಬೇರೆ ವಿಭಾಗದಿಂದ ಬಂದಿತ್ತು. ಅವರು ಪೂರ್ತಿ ಗೂಡಿನ ಅಗಲ ಬರೆದಿದ್ದರು. ಹದಿನಾಲ್ಕು ವರ್ಷದ ಕೈರೂಢಿ ಅದನ್ನು ಅರ್ಧವೆಂದೇ ಓದಿತ್ತು. ಹಳೆಯ ಚಿತ್ರಗಳಿಗೆ ಹೋಲಿಸಿ ನೋಡಿದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಕೂಡಿ ಬರುತ್ತಿತ್ತು. ಬಾರದೆ ಏನು, ಆ ಕಾರಿನ ನಿಜವಾದ ಅರ್ಧವನ್ನೇ ನಾನು ಮಾಡಿದ್ದೆ.

"ಮೂರು ವಾರದ ಮಣ್ಣು," ಎಂದೆ.

"ಮಣ್ಣು ಎಲ್ಲಿ ಹೋಗತೈತಿ, ಇಲ್ಲೇ ಇರತೈತಿ. ಅಳಬ್ಯಾಡ. ಕುಂದರು."

ನನಗೆ ಸ್ಟೂಲು ಕೊಟ್ಟು ಆತ ಚಹಾ ತರಲು ಹೋದ. ಮಾದರಿಯಲ್ಲಿ ಆಸನಕ್ಕಾಗಿ ಬಿಟ್ಟ ಪೊಳ್ಳಿತ್ತು. ಸ್ಟೂಲನ್ನು ಅದರೊಳಗೆ ಎಳೆದುಕೊಂಡು ಕೂತೆ. ಪಕ್ಕಕ್ಕೆ ತಿರುಗಿದರೆ ಕನ್ನಡಿಯಲ್ಲಿ ನಾನೇ ಕೂತಿದ್ದೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅದೇ ಗಾಡಿಯಲ್ಲಿ, ಅದೇ ಕಡೆಗೆ ಮುಖ ಮಾಡಿ ಕೂತ ಇನ್ನೊಬ್ಬಳು ಹೆಂಗಸು. ಅವಳ ಕೂದಲಲ್ಲೂ ಮಣ್ಣಿತ್ತು. ನನ್ನ ಬದುಕಿನಲ್ಲಿ ಗಾಡಿಯೊಂದರಲ್ಲಿ ಯಾರೂ ನನ್ನ ಪಕ್ಕ ಹೀಗೆ ಕೂತಿರಲಿಲ್ಲ. ಹಳೆಯ ಕಾರುಗಳಲ್ಲಿ ವಾಪಸು ಬರಬೇಕಾದದ್ದು ಮೂಗೂ ಅಲ್ಲ, ಪಟ್ಟೆಯೂ ಅಲ್ಲ ಎಂದು ಆಗ ಅನ್ನಿಸಿತು. ಆ ಅಗಲ.

ಮುಸ್ತಾಕಣ್ಣ ಚಹಾ ತಂದವನು ನನ್ನ ಮುಖ ನೋಡಿ, ಕನ್ನಡಿ ನೋಡಿ, "ಕೆಡವೂಕಿಂತ ಮೊದ್ಲ ಒಂದ್ಸಲ ಗಾಳಿಗೆ ಒಡ್ಡೋಣೇನು?" ಎಂದ.

ಸುರಂಗದಲ್ಲಿ ಅರ್ಧ ಮಾದರಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಸಾಕು, ಗಾಳಿಗೆ ಆ ಗೋಡೆಯೇ ಕನ್ನಡಿ. ಫಲಿತಾಂಶವನ್ನು ಎರಡರಿಂದ ಗುಣಿಸುತ್ತೇವೆ. ಕಂಟ್ರೋಲ್ ರೂಮಿನ ಗಾಜಿನಾಚೆ ಬಿಳಿ ಹೊಗೆಯ ಎಳೆಗಳು ಉದ್ದ ಮೂಗಿನ ಮೇಲೆ ಹತ್ತಿ, ಉಬ್ಬಿನ ಬಳಿ ಸ್ವಲ್ಪ ತಡವರಿಸಿ, ಜಾರುವ ಚಾವಣಿಯ ಗುಂಟ ಮೆಲ್ಲಗೆ ಇಳಿದವು. ಮುಸ್ತಾಕಣ್ಣ ಅಂಕೆಗಳನ್ನು ಎರಡು ಸಲ ನೋಡಿದ.

"ಒಂದು ಗೂಡಿಗೆ ನೂರು ಅಂತ ಹಿಡಿ. ಎರಡು ಗೂಡಿಗೆ?"

"ಇನ್ನೂರು."

"ಈ ಪೈಲ್ವಾನಗ ನೂರಾ ಎಪ್ಪತ್ತೊಂದು. ಬಾಜೂ ಬಾಜೂ ಕುಂತ್ರ ನಡುವಿನ ಎರಡು ಗೋಡಿ ಇಲ್ಲ ನೋಡು. ಅವಕ್ಕ ತಿಕ್ಕೂ ಗಾಳೀನೂ ಇಲ್ಲ."

ಇಬ್ಬರು ಬೇರೆ ಬೇರೆ ಹೋಗುವುದಕ್ಕಿಂತ ಕೂಡಿ ಹೋದರೆ ಕಡಿಮೆ ಖರ್ಚು. ಇಷ್ಟು ಸರಳ ಮಾತು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವೇ ಎಂದು ನನಗೆ ನಗು ಬಂತು. ತಾಯಿ ಮಕ್ಕಳಿಗಾದರೂ ಇಂಥದೊಂದು ಗಾಡಿಗೆ ಒಪ್ಪಿಗೆ ಸಿಕ್ಕರೆ, ಚೆನ್ನಿ ಇಪ್ಪತ್ತು ಕಿಲೊ ಆಗಲಿ, ನಲವತ್ತು ಆಗಲಿ!

ಅಷ್ಟರಲ್ಲಿ ಫೋನು ಬಂತು. ಚೆನ್ನಿಯ ಸವದಿ ಟೀಚರು.

"ಗಾಬರಿ ಆಗಬ್ಯಾಡ್ರಿ, ಈಗ ಆರಾಮ ಅದಾಳ. ಆಟದ ಹೊತ್ನ್ಯಾಗ ತಲಿ ತಿರುಗಿ ಕುಂತ್ಲು. ಅಲ್ರೀ ನೀಲಾ ಅವರ, ಈಕಿ ಡಬ್ಬಿ ದಿನಾ ಬಾಜೂ ಹುಡುಗ್ಯಾರಿಗೆ ಹಂಚ್ತಾಳಂತ. ಇವತ್ತ ನನಗ ಗೊತ್ತಾತು. ಮನ್ಯಾಗರ ಉಣ್ಣತಾಳೋ ಇಲ್ಲೋ?"

ಏನು ಹೇಳಿದೆನೋ ನೆನಪಿಲ್ಲ. ಮೂರು ವಾರದಿಂದ ಖಾಲಿಯಾಗಿ ಬರುತ್ತಿದ್ದ ಡಬ್ಬಿಯನ್ನು ನಾನೇ ತೊಳೆದಿಡುತ್ತಿದ್ದೆ. ಬೆಳಿಗ್ಗೆ ಗಾಡಿಯಲ್ಲಿ ಒಬ್ಬಳೇ ಕೂತು ಅವಳು ಆಡುತ್ತಿರಲಿಲ್ಲ, ತನ್ನನ್ನು ತಾನು ತೂಗಿಕೊಳ್ಳುತ್ತಿದ್ದಳು. ನಾನು ಮನೆಯಲ್ಲಿ ರೊಟ್ಟಿ ತೆಳುವು ಮಾಡಿದೆ, ಅವಳು ಅದನ್ನೂ ಶಾಲೆಯಲ್ಲಿ ಹಂಚಿದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

ಆಗಲೇ ಹೋಗಿ ಅವಳನ್ನು ಕರೆದುಕೊಂಡು ಬರಬೇಕೆನಿಸಿತು. ಆದರೆ ದೇಸಾಯರು ಬಾಗಿಲಲ್ಲಿ ನಿಂತಿದ್ದರು. ಮುಸ್ತಾಕಣ್ಣ ಅವರಿಗೆ ಅಂಕೆ ತೋರಿಸುತ್ತಿದ್ದ. ಈ ಅಗಲದ ಗಾಡಿಗಾದರೂ ಒಪ್ಪಿಗೆ ಸಿಗಲಿ ಎಂದು ನಾನು ನಿಂತೆ.

ದೇಸಾಯರು ಬೈಯಲಿಲ್ಲ. ಮಾದರಿಯ ಸುತ್ತ ಎರಡು ಸುತ್ತು ಬಂದರು, ಪಕ್ಕೆಯ ತಿರುವನ್ನು ಅಂಗೈಯಿಂದ ಸವರಿದರು. ಅವರೂ ಒಂದು ಕಾಲದಲ್ಲಿ ಮಣ್ಣಿನವರೇ.

"ಛಲೋ ಆಗೇದ," ಎಂದರು. "ಲೆಕ್ಕಾನೂ ಖರೇ ಅದ. ಆದ್ರ ನೀಲಾ, ಮುಂಜಾನೆ ಮಗಳನ್ನ ಶಾಲಿಗೆ ಬಿಡ್ತೀರಿ. ಮುಂದ?"

"ಮುಂದ ಇಲ್ಲಿಗೆ ಬರ್ತೀನ್ರಿ."

"ಆವಾಗ ಬಾಜೂ ಸೀಟಿನ್ಯಾಗ ಯಾರು?"

ಉತ್ತರವನ್ನೂ ದೇಸಾಯರೇ ಹೇಳಿದರು.

"ಯಾರೂ ಇಲ್ಲ. ನೂರರ ಬದಲಿ ನೂರಾ ಎಪ್ಪತ್ತೊಂದು ಸುಡಬೇಕು, ದಿನಾ, ಖಾಲಿ ಸೀಟಿಗೆ. ಕಾಯ್ದೆ ಬಂದದ್ದ ಅದಕ್ಕಲ್ಲ? ಇಬ್ಬರು ಕೂಡಿ ಹೋಗೂದು ಸ್ವಸ್ತ, ಅದು ಎಲ್ಲಾರಿಗೂ ಗೊತ್ತದ. ಒಬ್ಬರು ಇಳಿದ ಮ್ಯಾಲಿಂದೇ ತುಟ್ಟಿ."

"ಇಳಿದ ಮ್ಯಾಲೂ ಆ ಜಾಗ ಇರ್ಲಿ ಅನ್ನಸ್ತದಲ್ರೀ ಸಾಹೇಬ್ರ, ಮನಷ್ಯಾಗ," ಎಂದ ಮುಸ್ತಾಕಣ್ಣ.

ದೇಸಾಯರು ಆತನ ಕಡೆ ನೋಡಲಿಲ್ಲ. "ಅನ್ನಸ್ತದ," ಎಂದರು. "ಗಾಳಿಸುರಂಗದಾಗ ಅದನ್ನ ಹೆಂಗ ಅಳೀಬೇಕು ಹೇಳು, ನಾನ ಕಮಿಟಿಗೆ ಬರದು ಕೊಡ್ತೀನಿ."

ಉಬ್ಬು ಇರಲಿ, ಅದರಿಂದ ಬರೀ ಮೂರು ಅಂಕ ಏರುತ್ತದೆ, ಬಿಳಿ ಪಟ್ಟೆಗೆ ಏನೂ ಏರುವುದಿಲ್ಲ, ಅಂಟಿಸಿದರಾಯಿತು. ಪಕ್ಕೆ, ಉದ್ದ, ಅಗಲ ಬೇಡ ಎಂದು ಅವರು ತೀರ್ಮಾನ ಹೇಳಿದರು. ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು, "ನೀವ ಕಡೀರಿ. ಯಂತ್ರಕ್ಕ ಕೊಡಬ್ಯಾಡ್ರಿ," ಎಂದರು. ಅದು ಅವರು ನನ್ನ ಕೆಲಸಕ್ಕೆ ಕೊಟ್ಟ ಮರ್ಯಾದೆ.

ತಂತಿ ಹಿಡಿದು ನಾನೇ ಕಡಿದೆ. ಒಂದು ತುದಿ ಮುಸ್ತಾಕಣ್ಣ ಹಿಡಿದ, ಒಂದು ತುದಿ ನಾನು. ಬೆಚ್ಚಗಿನ ಮಣ್ಣಿನಲ್ಲಿ ತಂತಿ ಸದ್ದಿಲ್ಲದೆ ಇಳಿಯಿತು. ಆಸನದ ಪೊಳ್ಳು ನಡುವೆ ಸೀಳಿ ಎರಡಾಯಿತು. ನಲವತ್ತೇಳೂವರೆ ಸೆಂಟಿಮೀಟರ್ ಉಳಿಸಿ, ಮೂಗನ್ನು ಗಿಡ್ಡ ಮಾಡಿ ಕನ್ನಡಿ ಹಚ್ಚಿದಾಗ ಒಂದು ಗೂಡು ಕಂಡಿತು, ಒಬ್ಬರಿಗೆ ಆಗುವಷ್ಟು, ಮೂಗಿನ ಮೇಲೊಂದು ಉಬ್ಬು. ಉಸಿರಾಡಲು ಒಳಗೆ ಏನೂ ಇಲ್ಲ.

"ಮುಳಗಾಯಿಗೆ ನೆಗಡಿ ಬಂದಂಗ ಆತು," ಎಂದ ಮುಸ್ತಾಕಣ್ಣ. ನಗಿಸಲೆಂದೇ ಹೇಳಿದ್ದ. ನಾನು ನಗಲು ನೋಡಿದೆ.

ಉಳಿದ ಮಣ್ಣನ್ನು ಒಲೆಗೆ ಹಾಕಿ, ಕೈ ತೊಳೆದು, ಶಾಲೆಗೆ ಹೋದೆ. ಚೆನ್ನಿ ಮೆಟ್ಟಿಲ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದಳು. ತುಟಿ ಒಣಗಿತ್ತು. ತೊಡೆಗೆ ಹತ್ತಿದಾಗ ಗಾಡಿ "ಹದಿನೇಳು ಕಿಲೊ ಆರುನೂರ ತೊಂಬತ್ತು" ಎಂದಿತು. ಅವಳು ನನ್ನ ಮುಖವನ್ನು ತಿರುಗಿ ನೋಡಿದಳು, ಒಳ್ಳೆಯ ಅಂಕ ತಂದ ಮಗುವಿನಂತೆ. ದಾರಿಯುದ್ದಕ್ಕೂ ಅವಳನ್ನು ಅಪ್ಪಿ ಹಿಡಿದಿದ್ದೆ. ಕೈಗೆ ಅವಳ ಪಕ್ಕೆಲುಬು ಒಂದೊಂದಾಗಿ ಸಿಕ್ಕವು. ದಿನವಿಡೀ ಒಂದು ಕೂದಲೆಳೆಯ ಏರಿಳಿತ ಹುಡುಕುವ ಈ ಅಂಗೈಗೆ ಇಷ್ಟು ದಿನ ಇದು ತಿಳಿದಿರಲಿಲ್ಲ.

ಮನೆಗೆ ಬಂದವಳೇ ಒಲೆ ಹಚ್ಚಿದೆ. ಬಿಸಿಲು ಇನ್ನೂ ಅಡುಗೆಮನೆಯ ಕಿಟಕಿಯಲ್ಲಿತ್ತು. ಹಿಟ್ಟು ನಾದಿ, ನನ್ನ ಅವ್ವ ಬಡಿಯುತ್ತಿದ್ದಷ್ಟು ದಪ್ಪ ರೊಟ್ಟಿ ಬಡಿದೆ. ಬಿಸಿಯಿರುವಾಗಲೇ ಮೇಲೆ ಬೆಣ್ಣೆಯ ಮುದ್ದೆ ಇಟ್ಟು, ಬದಿಗೆ ಶೇಂಗಾ ಹಿಂಡಿ, ಕೆನೆಮೊಸರು ಹಾಕಿ ಅವಳ ಮುಂದೆ ಇಟ್ಟೆ. ನಾನೂ ನೆಲದ ಮೇಲೆ ಅವಳ ಮಗ್ಗುಲಿಗೆ ಕೂತೆ.

ಬೆಣ್ಣೆ ಕರಗಿ ಅಂಚಿಗೆ ಹರಿಯುವುದನ್ನು ಅವಳು ನೋಡುತ್ತಿದ್ದಳು. ಕೈ ಮುಂದೆ ಬರಲಿಲ್ಲ.

"ಉಣ್ಣವ್ವ."

"ಹಸಿವಿಲ್ಲ."

"ಸವದಿ ಟೀಚರು ಎಲ್ಲಾ ಹೇಳ್ಯಾರ. ಡಬ್ಬಿ ಹಂಚೂದು ಸಾಕು. ನಂದೂ ತಪ್ಪಾಗೈತಿ, ನಾನೂ ನಿನಗ ಕಡಿಮಿ ನೀಡೀನಿ. ಇನ್ನ ಮ್ಯಾಲೆ ಹೊಟ್ಟಿ ತುಂಬ ನೀಡ್ತೀನಿ, ಹೊಟ್ಟಿ ತುಂಬ ಉಣ್ಣು. ಆ ಗಾಡಿ ಏನ್ ಒದರತೈತೋ ಒದರ್ಲಿ."

ಅವಳು ತಲೆ ಬಗ್ಗಿಸಿ ಲಂಗದ ಅಂಚನ್ನು ಸುರುಳಿ ಸುತ್ತಿದಳು.

"ಚಿಕ್ಕಗೂಡಿನ್ಯಾಗ ಅಂಜಿಕಿ ಬರತೈತೇನು? ಮೈಕಿನ್ಯಾಗ ನಾ ನಿನ್ನ ಜೋಡಿ ಮಾತಾಡ್ಕೋತನ ಬರ್ತೀನಿ. ಹಿಂದ ಹಿಂದನ ಇರ್ತೀನಿ."

"ನನಗೇನ್ ಅಂಜಿಕಿಲ್ಲ."

"ಮತ್ಯಾಕ ಉಣವಲ್ಲಿ?"

ಅವಳು ರೊಟ್ಟಿಯ ಒಂದು ಚೂರು ಮುರಿದು, ಬಾಯಿಗಿಡದೆ ಬೆರಳಲ್ಲೇ ಹಿಡಿದುಕೊಂಡು, ನನ್ನ ಮುಖ ನೋಡಿ ಕೇಳಿದಳು:

"ಅವ್ವಾ, ನಾ ದೊಡ್ಡಾಕಿ ಆದ್ರ, ನಿನ್ನ ಜೋಡಿ ಯಾರು ಕುಂದರತಾರ?"